ಮಾತಾಡಿಸಿದ ಹುಡುಗಿ

ಅವಳು ನಮ್ಮ ಶಾಲೆಗೆ ಬಂದದ್ದು ಎಂಟನೇ ತರಗತಿಗೆ. ಊರು ಉಪ್ಪಿನಬೆಟಗೇರಿ, ಅಪ್ಪನದು ಅಲ್ಲಿ ಹಿಟ್ಟಿನ ಗಿರಣಿ. ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಲಿ ಅಂತ ನವನಗರದಲ್ಲಿದ್ದ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ನಾನು ಆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಮಗಳೂ ಅಲ್ಲೇ, ಅದೇ ವರ್ಗದಲ್ಲಿ ಓದುತ್ತಿದ್ದಳು.

ಮೊದಮೊದಲು ಆ ಹುಡುಗಿಯ ದನಿ ವರಾಂಡದ ಈ ತುದಿಗೂ ಕೇಳುತ್ತಿತ್ತು. ಹೊಲದ ಆಚೆ ದಂಡೆಯಲ್ಲಿದ್ದವರನ್ನು ಕೂಗಿ ಮಾತಾಡಿ ರೂಢಿಯಾದ ದನಿ ಅದು. ದಹನದ ಪಾಠ ಮಾಡುವಾಗ ಒಮ್ಮೆ ಎದ್ದು ನಿಂತು, ತಮ್ಮ ಗಿರಣಿಯೊಳಗೆ ಅಪ್ಪ ಯಾರಿಗೂ ಬೀಡಿ ಹಚ್ಚಲು ಬಿಡುವುದಿಲ್ಲ, ಚೀಲದಲ್ಲಿರುವ ಹಿಟ್ಟಿಗೆ ಬೆಂಕಿ ಹತ್ತುವುದಿಲ್ಲ, ಹಾರುವ ಹಿಟ್ಟಿಗೆ ಮಾತ್ರ ಭಗ್ಗನೆ ಹತ್ತುತ್ತದೆ ಅಂತಾರೆ, ಅದು ಯಾಕೆ ಅಂತ ಕೇಳಿದಳು. ಅವಳು 'ಗಿರಣ್ಯಾಗ' ಅಂದದ್ದಕ್ಕೆ ವರ್ಗ ನಕ್ಕಿತು. ಅವಳೂ ನಕ್ಕಳು. ಅವಳಿಗೆ ಅದರಿಂದೇನೂ ಅನಿಸಿದ ಹಾಗೆ ಕಾಣಲಿಲ್ಲ. ಆ ಪ್ರಶ್ನೆ ನನಗೆ ಎಷ್ಟು ಹಿಡಿಸಿತೆಂದರೆ ಆವತ್ತು ಪಾಠ ಮುಂದೆ ಹೋಗಲೇ ಇಲ್ಲ.

ಒಂಬತ್ತಕ್ಕೆ ಬಂದ ಕೆಲವೇ ದಿನಗಳಲ್ಲಿ ಆ ವರ್ಗ ಶಾಂತವಾಗಿಬಿಟ್ಟಿತ್ತು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಅದನ್ನೇ ಹೊಗಳುತ್ತಿದ್ದೆವು. ಬೇರೆ ವರ್ಗಗಳಲ್ಲಿ ಡಸ್ಟರ್ ಬಡಿದು ಬಡಿದು ಕೈ ನೋಯುತ್ತಿತ್ತು. ಈ ವರ್ಗದ ಬಾಗಿಲಿಗೆ ಬಂದರೆ ಸಾಕು, ಒಳಗೆ ಯಾರೂ ಇಲ್ಲವೇನೋ ಅನಿಸಬೇಕು, ಅಷ್ಟು ಸುಮ್ಮನಿರುತ್ತಿತ್ತು. ಆ ಹುಡುಗಿ ಕಿಟಕಿಯ ಪಕ್ಕ ಕೊನೆಯ ಬೆಂಚಿಗೆ ಹೋಗಿದ್ದಳು. ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಳು. ದೊಡ್ಡವಳಾಗುತ್ತಿದ್ದಾಳೆ, ತಿಳಿವಳಿಕೆ ಬಂದಿದೆ ಅಂತ ನಾವು ತಿಳಿದೆವು.

ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ವಾರ ಅವಳು ಸತ್ತಳು. ತನ್ನ ಜೀವ ತಾನೇ ತೆಗೆದುಕೊಂಡಳು. ಎಲ್ಲಿ, ಹೇಗೆ ಎಂಬುದನ್ನು ನಾನು ಬರೆಯುವುದಿಲ್ಲ. ಅದರ ಬಗ್ಗೆ ಊರೆಲ್ಲ ಮಾತಾಡಿದ್ದು ಸಾಕಾಗಿದೆ.

ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮುಖ್ಯೋಪಾಧ್ಯಾಯಿನಿ ನಮ್ಮನ್ನೆಲ್ಲ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಸುದ್ದಿ ಹೇಳಿದರು. ಅದರ ಬೆನ್ನಿಗೇ, ಯಾರ ಫೋನ್ ಬಂದರೂ ಏನೂ ಹೇಳಬಾರದು, ಪತ್ರಿಕೆಯವರು ಬಂದರೆ ತಮ್ಮ ಹತ್ತಿರ ಕಳಿಸಬೇಕು, ಇದು ಹುಡುಗಿಯ ಮನೆಯೊಳಗಿನ ಏನೋ ವಿಷಯವಂತೆ ಅಂದರು. ಆ 'ಅಂತೆ' ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಹುಡುಗಿ ಸತ್ತು ಇನ್ನೂ ಒಂದು ದಿನ ಕಳೆದಿರಲಿಲ್ಲ. ಅವಳ ಮನೆಯವರು ಯಾರೂ ಇನ್ನೂ ಬಾಯಿ ತೆರೆದಿರಲಿಲ್ಲ.

ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೌನ ಆಚರಿಸಿದೆವು. ಸಣ್ಣ ತರಗತಿಯ ಮಕ್ಕಳು ಅತ್ತರು. ಅವರಿಗೆ ಅವಳ ಗುರುತೂ ಇರಲಿಲ್ಲ, ಸಾವು ಅಂದ ಕೂಡಲೇ ಹೆದರಿ ಅತ್ತರು. ಅವಳ ವರ್ಗದ ಸಾಲಿನಲ್ಲಿ ಮಾತ್ರ ಒಂದು ಕಣ್ಣೂ ಒದ್ದೆಯಾಗಲಿಲ್ಲ. ಎಲ್ಲರೂ ಕೈಕಟ್ಟಿ ಮುಂದಿನವರ ಜಡೆ ನೋಡುತ್ತ ನಿಂತಿದ್ದರು. ನನ್ನ ಮಗಳೂ ಹಾಗೆಯೇ ನಿಂತಿದ್ದಳು. ನಾನು ಎಷ್ಟು ಸಲ ನೋಡಿದರೂ ಅವಳು ನನ್ನ ಕಡೆ ತಿರುಗಲಿಲ್ಲ.

ಮರುದಿನ ಆ ವರ್ಗಕ್ಕೆ ಹೋದೆ. ಕೊನೆಯ ಬೆಂಚು ಖಾಲಿ ಇರುತ್ತದೆ, ಅದನ್ನು ನೋಡುವುದಕ್ಕೆ ಧೈರ್ಯ ಮಾಡಿಕೊಳ್ಳಬೇಕು ಅಂದುಕೊಂಡಿದ್ದೆ. ಅಲ್ಲಿ ಅಕ್ಕಪಕ್ಕದ ಹುಡುಗಿಯರ ಬ್ಯಾಗುಗಳು ಸಾಲಾಗಿ ಕೂತಿದ್ದವು. ಜಾಗ ಎಷ್ಟೋ ದಿನದಿಂದ ಖಾಲಿಯೇ ಇತ್ತು, ಅದನ್ನು ಬಳಸುವುದು ಎಲ್ಲರಿಗೂ ರೂಢಿಯೇ ಆಗಿತ್ತು ಎನ್ನುವ ಹಾಗೆ. ತೆಗೆಯಿರಿ ಅಂದೆ. ತೆಗೆದರು. ಮುಖದಲ್ಲಿ ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ. ಆ ಮಕ್ಕಳನ್ನು ಕಂಡು ನನಗೆ ಮೊದಲ ಸಲ ಭಯವಾಯಿತು.

ಮನೆಯಲ್ಲಿ ಮಗಳು ಎಂದಿನಂತೆ ಊಟ ಮಾಡುತ್ತಿದ್ದಳು, ಅಭ್ಯಾಸ ಮಾಡುತ್ತಿದ್ದಳು. ಆದರೆ ಯಾವ ಕೋಣೆಯಲ್ಲಿದ್ದರೂ ಬಾಗಿಲು ತೆರೆದಿಡುತ್ತಿದ್ದಳು. ಸ್ನಾನಕ್ಕೆ ಹೋದರೆ ಒಳಗಿಂದ ನನ್ನನ್ನು ಕರೆಯುತ್ತಿದ್ದಳು. ಏನು ಅಂದರೆ ಏನಿಲ್ಲ ಅನ್ನುವಳು. ಸ್ವಲ್ಪ ಹೊತ್ತಿಗೆ ಮತ್ತೆ ಕರೆಯುವಳು. ನಾನು ಓಗೊಟ್ಟರೆ ಸಾಕು, ಸುಮ್ಮನಾಗುವಳು. ನನ್ನ ಗಂಡ, ಗೆಳತಿ ಸತ್ತಿದ್ದಕ್ಕೆ ಹುಡುಗಿ ಹೆದರಿದ್ದಾಳೆ, ನಾಲ್ಕು ದಿನಕ್ಕೆ ಸರಿಹೋಗುತ್ತಾಳೆ ಅಂದರು. ಗೆಳತಿ ಅನ್ನುವ ಮಾತಿಗೆ ಅವಳು ತಟ್ಟೆಯಿಂದ ಕೈ ತೆಗೆದದ್ದನ್ನು ನಾನು ನೋಡಿದೆ.

ದಿನಕರ್ಮ ಮುಗಿದ ಮೇಲೆ ಹುಡುಗಿಯ ಅಪ್ಪ ಶಾಲೆಗೆ ಬಂದರು, ಜೊತೆಗೆ ಸೋದರಮಾವ. ಶಾಲೆಯವರು ಮೊದಲೇ ಸಜ್ಜಾಗಿದ್ದರು. ಆಡಳಿತ ಮಂಡಳಿಯ ಕಾರ್ಯದರ್ಶಿ ಬಂದು ಕೂತಿದ್ದರು. ಗಲಾಟೆ ಆದೀತೆಂದು ಗೇಟಿನ ಹತ್ತಿರ ಜನ ನಿಲ್ಲಿಸಿದ್ದರು. ಆ ಮನುಷ್ಯ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಯಾರನ್ನೂ ಬೈಯಲಿಲ್ಲ. ಕೇಳಿದ್ದು ಒಂದೇ.

"ನನ್ನ ಮಗಳ ಗೆಳತ್ಯಾರು ಯಾರ್ ಅದಾರ್ರಿ? ಅವರ ಜೋಡಿ ಸ್ವಲ್ಪ ಮಾತಾಡಬೇಕಾಗೇತಿ. ರಜಾದಾಗ ಮನಿಗೆ ಬಂದಾಗ ಆಕಿ ಏನೂ ಹೇಳಲಿಲ್ರಿ. ಗೆಳತ್ಯಾರ ಮುಂದ ಏನರ ಹೇಳಿರತಾಳಲ್ರಿ."

ಮುಖ್ಯೋಪಾಧ್ಯಾಯಿನಿ ವರ್ಗಶಿಕ್ಷಕಿಯ ಮುಖ ನೋಡಿದರು. ವರ್ಗಶಿಕ್ಷಕಿ ನನ್ನ ಮುಖ ನೋಡಿದರು. ಆ ಹುಡುಗಿ ಯಾರ ಜೊತೆ ಡಬ್ಬಿ ಬಿಚ್ಚುತ್ತಿದ್ದಳು, ಯಾರ ಜೊತೆ ಗೇಟಿನ ತನಕ ನಡೆಯುತ್ತಿದ್ದಳು, ಯಾರಿಗೂ ಹೇಳಲಾಗಲಿಲ್ಲ. ಕಡೆಗೆ ಅವರನ್ನು ವರ್ಗಕ್ಕೇ ಕರೆದುಕೊಂಡು ಹೋದೆವು. ಅವರು ಬೋರ್ಡಿನ ಮುಂದೆ ನಿಂತು, ಶಾಲೆಯ ಮಕ್ಕಳ ಎದುರು ಮಾತಾಡಿ ರೂಢಿಯಿಲ್ಲದವರ ಹಾಗೆ ಗಂಟಲು ಸರಿಮಾಡಿಕೊಂಡು, ತಮ್ಮ ಮಗಳ ಗೆಳತಿಯರು ಕೈ ಎತ್ತಿರಿ, ಹೆದರಬೇಡಿರಿ ಅಂತ ಕೇಳಿಕೊಂಡರು.

ಒಂದು ಕೈಯೂ ಮೇಲೇಳಲಿಲ್ಲ. ಅವರು ಒಂದೊಂದೇ ಮುಖ ನೋಡುತ್ತ ಹೋದರು. ಅವರ ಕಣ್ಣು ನನ್ನ ಮಗಳ ಮೇಲೆ ಬಂದಾಗ ಅವಳು ತಲೆ ಎಷ್ಟು ಕೆಳಗೆ ಹಾಕಿದಳೆಂದರೆ ನನಗೆ ಅವಳ ಬೈತಲೆ ಮಾತ್ರ ಕಂಡಿತು. ಆ ಮನುಷ್ಯನಿಗೆ ಏನು ಅರ್ಥವಾಯಿತೋ. "ಹೋಗ್ಲಿ ಬಿಡ್ರಿ" ಅಂದು ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡರು.

ಅವತ್ತು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮಗಳು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂತಳು. ನಾನೇನೂ ಕೇಳಲಿಲ್ಲ. ಕೇಳಿದರೆ ಏನು ಬಂದೀತೋ ಎಂಬ ಅಂಜಿಕೆಗೆ ರೊಟ್ಟಿಯನ್ನೇ ನೋಡುತ್ತಿದ್ದೆ.

"ಮಮ್ಮಿ, ಆಕಿಗೆ ಯಾರೂ ಹೊಡದಿಲ್ಲ," ಅಂದಳು. "ಯಾರೂ ಬೈದಿಲ್ಲ. ಆಕಿ ಗಾಳಿ ಆಗಿದ್ಲು."

ನನಗೆ ತಿಳಿಯಲಿಲ್ಲ. ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಅದೊಂದು ಆಟ. ಹೆಸರು ಗಾಳಿ. ವರ್ಗದ ಹುಡುಗಿಯರೊಳಗೆ ಒಬ್ಬಳನ್ನು ಗಾಳಿ ಮಾಡುತ್ತಾರೆ. ಆಮೇಲೆ ಅವಳು ಯಾರಿಗೂ ಕಾಣುವುದಿಲ್ಲ, ಅವಳು ಆಡಿದ್ದು ಯಾರಿಗೂ ಕೇಳುವುದಿಲ್ಲ. ಅವಳು ಪೆನ್ನು ಕೇಳಿದರೆ ಕೊಡಬಾರದು, ಕೊಡುವುದಿಲ್ಲ ಅಂತಲೂ ಅನ್ನಬಾರದು. ಅವಳು ಕೂತಿದ್ದರೂ ಅವಳ ಜಾಗದಲ್ಲಿ ಬ್ಯಾಗ್ ಇಡಬೇಕು. ಟೀಚರ್ ಎದುರು ಮಾತ್ರ ಎಲ್ಲ ಸರಿಯಾಗಿರಬೇಕು. ಇನ್ನೊಬ್ಬಳು ಗಾಳಿ ಆದ ಮೇಲೆ ಮೊದಲಿನವಳು ಮನುಷ್ಯಳಾಗುತ್ತಾಳೆ. ಗಾಳಿ ಆದವಳನ್ನು ಯಾರಾದರೂ ಮಾತಾಡಿಸಿದರೆ, ಮಾತಾಡಿಸಿದವಳೇ ಮುಂದಿನ ಗಾಳಿ.

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ನಾನು ಒಲೆ ಆರಿಸಿ ಅವಳೆದುರು ನೆಲದ ಮೇಲೆ ಕೂತೆ. ಯಾರು ಶುರು ಮಾಡಿದ್ದು ಅಂತ ಕೇಳಿದೆ. ಯಾರೂ ಅಲ್ಲ, ನಾವು ಎಂಟನೇ ತರಗತಿಗೆ ಬಂದಾಗ ಆಗಲೇ ಇತ್ತು, ದೊಡ್ಡ ಹುಡುಗಿಯರು ಆಡುತ್ತಿದ್ದರು ಅಂದಳು.

"ಆಕಿನ್ನ ಯಾಕ ಗಾಳಿ ಮಾಡಿದ್ರಿ?"

ಅವಳು ಮೆಲ್ಲಗೆ ಅಂದಳು: "ಆಕಿಗಿಂತ ಮೊದಲ ನಾ ಗಾಳಿ ಆಗಿದ್ದೆ. ಆಕಿ ನನ್ನ ಮಾತಾಡಿಸಿದ್ಲು."

ಅದು ಒಂಬತ್ತನೇ ತರಗತಿಯ ಶುರುವಿನಲ್ಲಂತೆ. ಟೀಚರ್ ಮಗಳು, ಎಲ್ಲ ಅಮ್ಮನಿಗೆ ಹೇಳಿಬಿಡುತ್ತಾಳೆ ಅಂತ ಆ ವರ್ಷ ನನ್ನ ಮಗಳನ್ನೇ ಮೊದಲು ಆರಿಸಿದ್ದರಂತೆ. ಆ ದಿನಗಳು ನನಗೆ ನೆನಪಿಗೆ ಬಂದವು. ಊಟದ ಡಬ್ಬಿ ಹಾಗೇ ವಾಪಸ್ ಬರುತ್ತಿತ್ತು, ಹೊಟ್ಟೆ ನೋವು ಅನ್ನುತ್ತಿದ್ದಳು. ಡಾಕ್ಟರಿಗೂ ತೋರಿಸಿದ್ದೆವು. ಒಂದು ದಿನ ಮಧ್ಯಾಹ್ನ ಅವಳು ನಲ್ಲಿಯ ಹತ್ತಿರ ಒಬ್ಬಳೇ ನಿಂತಿದ್ದಾಗ ಗಿರಣಿಯವರ ಮಗಳು ಬಂದು, ಎಲ್ಲರಿಗೂ ಕೇಳುವ ಹಾಗೆ, ನನ್ನ ಜೋಡಿ ಊಟಕ್ಕ ಬಾ ಅಂದಳಂತೆ. ಇಬ್ಬರೂ ಕೂಡಿ ಉಂಡರಂತೆ. ಮರುದಿನದಿಂದ ಅವಳು ಗಾಳಿ, ನನ್ನ ಮಗಳು ಮನುಷ್ಯಳು. ಅವಳಿಗೆ ನಿಯಮ ಗೊತ್ತಿರಲಿಲ್ಲವೇ ಅಂದೆ. ಗೊತ್ತಿತ್ತು ಅಂದಳು ಮಗಳು.

ಮೊದಲೆಲ್ಲ ಒಬ್ಬೊಬ್ಬರ ಸರದಿ ಬಂದು ಹೋಗುತ್ತಿತ್ತಂತೆ. ಗಿರಣಿಯವರ ಮಗಳ ಸರದಿ ಮುಗಿಯಲೇ ಇಲ್ಲ. ಯಾಕೆಂದರೆ ಇವಳನ್ನು ಮಾತಾಡಿಸಲು ಇನ್ನೊಬ್ಬಳು ಹುಟ್ಟಲಿಲ್ಲ. ನನ್ನ ಮಗಳೂ ಮಾತಾಡಿಸಲಿಲ್ಲ. ರಜೆ ಮುಗಿದ ಮೇಲಾದರೂ ಮರೆತಿರುತ್ತಾರೆ ಅಂತ ಆ ಹುಡುಗಿ ಮೊದಲ ದಿನ ಎಲ್ಲರಿಗೂ ಊರಿಂದ ತಂದ ಕರದಂಟು ಹಿಡಿದುಕೊಂಡು ಬೆಂಚಿನಿಂದ ಬೆಂಚಿಗೆ ಹೋಗಿದ್ದಳಂತೆ. ಯಾರೂ ಕೈ ಚಾಚಲಿಲ್ಲವಂತೆ. ಇದನ್ನು ಹೇಳುವಾಗ ನನ್ನ ಮಗಳು ಅಳತೊಡಗಿದಳು. ನಾನು ಅವಳನ್ನು ಹತ್ತಿರ ಎಳೆದುಕೊಂಡೆ. ಎಳೆದುಕೊಳ್ಳುವಾಗ ಕೈ ಒಂದು ಕ್ಷಣ ಹಿಂಜರಿಯಿತು. ಅದು ಅವಳಿಗೂ ಗೊತ್ತಾಯಿತು.

ಮರುದಿನ ಮುಖ್ಯೋಪಾಧ್ಯಾಯಿನಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಕೇಳುತ್ತ ಕೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ಆದರೆ ಅವರು ಕಾರ್ಯದರ್ಶಿಗಳಿಗೆ ಫೋನ್ ಮಾಡಿದರು, ಕಾರ್ಯದರ್ಶಿ ಬಂದರು. ಮಕ್ಕಳಾಟ ಅದು, ಮಾತಾಡಿಸದಿದ್ದರೆ ಯಾವ ಕಾನೂನಿನಲ್ಲಿ ತಪ್ಪು ಅಂದರು. ವಿದ್ಯಾನಗರದಿಂದ ಒಬ್ಬ ಆಪ್ತ ಸಲಹೆಗಾರ್ತಿಯನ್ನು ಕರೆಸೋಣ, ವರಾಂಡದಲ್ಲಿ ಒಂದು ದೂರು ಪೆಟ್ಟಿಗೆ ಇಡೋಣ ಅಂದರು. ನಾನು ಎದ್ದಾಗ, ಬಹಳ ಮೃದುವಾಗಿ, "ಮೇಡಂ, ನಿಮ್ಮ ಮಗಳೂ ಆ ಆಟದಾಗ ಇದ್ಲು. ನೀವೂ ಸ್ವಲ್ಪ ವಿಚಾರ ಮಾಡ್ರಿ" ಅಂದರು.

ಎರಡು ದಿನದ ನಂತರ ಮಗಳ ಸಹಪಾಠಿಯೊಬ್ಬಳ ತಾಯಿ ನಮ್ಮ ಮನೆಗೆ ಬಂದರು. ನಾನು ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಡಿದ ಮಾತು ಅವರಿಗೆ ಹೇಗೆ ಮುಟ್ಟಿತೋ ತಿಳಿಯದು. ಚಹಾ ಕುಡಿದರು. ಸೊಫಾದ ಹೊದಿಕೆ ಛಲೋ ಅದ ಅಂದರು. ನನ್ನ ಮಗಳನ್ನು ಕರೆದು ಗಲ್ಲ ಸವರಿ, ಹುಡುಗಿಯರ ಹೆಸರು ಪೊಲೀಸ್ ಠಾಣೆಯಲ್ಲಿ ಬಂದರೆ ಮುಂದೆ ಯಾರಿಗೂ ಒಳ್ಳೆಯದಲ್ಲ, ಅಲ್ಲವೇನ್ರಿ ಅಂತ ನಗುತ್ತ ಕೇಳಿದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಸಾಲಿಗೆ ಹೋಗುವ ಬರುವ ದಾರಿಯಲ್ಲಿ ಮಗಳನ್ನು ಒಬ್ಬಳನ್ನೇ ಬಿಡಬೇಡಿರಿ, ಕಾಲ ಸರಿಯಿಲ್ಲ ಅಂದು ಹೋದರು. ಅದು ಕಾಳಜಿಯ ಮಾತೋ ಬೇರೆಯೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಅಂದಿನಿಂದ ನಾನು ಅವಳನ್ನು ಒಬ್ಬಳನ್ನೇ ಬಿಡಲಿಲ್ಲ.

ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಸಂತಾಪದ ಕೈಮುಗಿಯುವ ಚಿತ್ರಗಳು ನಿಂತುಹೋಗಿದ್ದವು. ಯಾರೋ ಒಬ್ಬರು ಹುಡುಗಿಯ ಸೋದರಮಾವನ ಬಗ್ಗೆ ಕೊಳಕು ಮಾತೊಂದು ಹಾಕಿದರು. ಅದರ ಕೆಳಗೆ ಯಾರೂ ಅಲ್ಲ ಅನ್ನಲಿಲ್ಲ. ಆ ಮನುಷ್ಯ ತಂಗಿಯ ಮಗಳನ್ನು ತನ್ನ ಮಗಳಂತೆ ಸಾಕಿದವನು. ಅವನ ಹೆಂಡತಿ ಮಾರ್ಕೆಟ್ಟಿಗೆ ಹೋಗುವುದನ್ನು ಬಿಟ್ಟಳು ಅಂತ ಆಮೇಲೆ ಕೇಳಿದೆ. ನಾನು ಅಲ್ಲಿ, ಇದು ಸುಳ್ಳು ಅಂತ ಬರೆದೆ. ಸಂಜೆಯೊಳಗೆ ನನ್ನನ್ನು ಗುಂಪಿನಿಂದ ತೆಗೆದಿದ್ದರು.

ಉಪ್ಪಿನಬೆಟಗೇರಿಗೆ ಹೋಗೋಣ ಅಂದವಳು ನನ್ನ ಮಗಳೇ. ನನ್ನ ಗಂಡ ಬೇಡ ಅಂದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಮಗಳ ಮುಂದೆ ಕೂತು, ಅವರು ನಿನ್ನ ಮೇಲೆ ಕೈ ಮಾಡಿದರೆ ಏನು ಮಾಡುತ್ತೀ ಅಂತ ಕೇಳಿದರು. "ಮಾಡ್ಲಿ ಪಪ್ಪಾ" ಅಂದಳು. ಅದರ ಮೇಲೆ ಅವರೂ ಅಂಗಿ ಹಾಕಿಕೊಂಡು ಹೊರಟರು.

ಗಿರಣಿ ಮನೆಯ ಮುಂಭಾಗದಲ್ಲೇ ಇತ್ತು. ಅವತ್ತು ನಡೆಯುತ್ತಿರಲಿಲ್ಲ. ಜನ ಬಿಟ್ಟುಹೋಗಿದ್ದ ಜೋಳದ ಡಬ್ಬಿಗಳು ಗೋಡೆಗುಂಟ ಸಾಲಾಗಿದ್ದವು. ಹುಡುಗಿಯ ಅಪ್ಪ ನಮ್ಮನ್ನು ನೋಡಿ ಗುರುತು ಹಿಡಿದು, ಬರ್ರಿ, ಕೂಡ್ರಿ ಅಂತ ಚಾಪೆ ಹಾಸಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ನಡುವೆ ಎಲ್ಲೂ ನಿಲ್ಲಿಸಲಿಲ್ಲ, ತನ್ನದೇನನ್ನೂ ಬಿಡಲಿಲ್ಲ. ನಲ್ಲಿ, ಡಬ್ಬಿ, ಕರದಂಟು ಎಲ್ಲ ಹೇಳಿದಳು. ಆ ಮನುಷ್ಯ ತಲೆ ಅಲ್ಲಾಡಿಸದೆ ಕೇಳಿದರು.

ಕಡೆಗೆ, "ಆಕಿ ಅವತ್ತ ನಿನಗ ಏನಂದಿದ್ಲು? ಇನ್ನೊಮ್ಮೆ ಹೇಳವಾ" ಅಂದರು.

"ನನ್ನ ಜೋಡಿ ಊಟಕ್ಕ ಬಾ ಅಂದ್ಲು."

"ಜೋರಾಗಿ ಅಂದ್ಲು?"

"ಹೂನ್ರಿ. ಎಲ್ಲಾರಿಗೂ ಕೇಳೂ ಹಂಗ."

ಅವರು ಮುಖ ಮುಚ್ಚಿಕೊಂಡರು. ಒಳಗಿನ ಬಾಗಿಲಿನ ಮರೆಯಲ್ಲಿ ಹುಡುಗಿಯ ತಾಯಿ ನಿಂತಿದ್ದು ನಮಗೆ ಗೊತ್ತಿರಲಿಲ್ಲ. ಆಕೆ ಹೊರಗೆ ಬಂದು ನನ್ನ ಮಗಳ ಎದುರು ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆಯಲಿಲ್ಲ. ತನ್ನ ಮಗಳಷ್ಟೇ ಎತ್ತರದ ಆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಹೇಳಿದ್ದು ಛಲೋ ಆತು. ಆದ್ರ ಇನ್ನ ನಮ್ಮ ಮನಿಗೆ ಬರಬ್ಯಾಡ," ಅಂದು ಒಳಗೆ ಹೋದಳು. ನಾವು ಎದ್ದೆವು. ಯಾರೂ ನಮ್ಮನ್ನು ತಡೆಯಲಿಲ್ಲ.

ಆ ಅಪ್ಪ ದೂರು ಕೊಟ್ಟರು. ವಿಚಾರಣೆಗೆ ಬಂದ ಮಹಿಳಾ ಅಧಿಕಾರಿಯ ಮುಂದೆ ನನ್ನ ಮಗಳು, ನಾನು ಪಕ್ಕದಲ್ಲಿ ಕೂತಿರುವಾಗ, ಮತ್ತೆ ಅದನ್ನೇ ಹೇಳಿದಳು. ಉಳಿದ ಹುಡುಗಿಯರು ಅಂಥ ಆಟವೇ ಇಲ್ಲ ಅಂದರು. ಎಲ್ಲರೂ ಒಂದೇ ಮಾತಿನಲ್ಲಿ, ಒಂದೇ ಕ್ರಮದಲ್ಲಿ ಅಂದರಂತೆ. ಒಬ್ಬಳು ಮಾತ್ರ ಹೇಳಿಕೆ ಕೊಟ್ಟು ಹೊರಗೆ ಹೋದವಳು ತಿರುಗಿ ಬಂದು, ಇತ್ತು ಅಂದಳು. ಆ ಇಬ್ಬರ ಮಾತಿನ ಮೇಲೆ ಶಾಲೆಗೆ ಎಚ್ಚರಿಕೆಯ ನೋಟಿಸು ಬಂತು. ವರ್ಗಶಿಕ್ಷಕಿಯನ್ನು ಕೆಲಸದಿಂದ ಬಿಡಿಸಿದರು. ಆಕೆ ಕಂಡದ್ದೂ ನಮ್ಮಷ್ಟೇ, ಕಾಣದ್ದೂ ನಮ್ಮಷ್ಟೇ. ಯಾವ ಹುಡುಗಿಗೂ ಶಿಕ್ಷೆ ಆಗಲಿಲ್ಲ. ಆಗಬೇಕಿತ್ತು ಅಂತ ಆ ಅಪ್ಪನೂ ಕೇಳಲಿಲ್ಲ. ಜೀವ ಹೋಗುವುದಕ್ಕೆ ಒಂದೇ ಕಾರಣ ಅಂತ ಯಾರೂ ಬೆರಳು ಇಟ್ಟು ತೋರಿಸಲಾರರು, ಆದರೆ ಕೇಳುವವರು ಒಬ್ಬರಿದ್ದರೂ ಎಷ್ಟೋ ಜೀವ ಉಳಿಯುತ್ತವೆ ಅಂತ ಆ ಅಧಿಕಾರಿ ನನಗೆ ಹೇಳಿದರು.

ನಾನು ಮಗಳನ್ನು ಬೇರೆ ಶಾಲೆಗೆ ಹಾಕಲು ಸಿದ್ಧಳಿದ್ದೆ. ಅವಳು ಒಪ್ಪಲಿಲ್ಲ. ಹತ್ತನೇ ತರಗತಿಯನ್ನು ಅಲ್ಲೇ ಮುಗಿಸಿದಳು, ಬಹುಪಾಲು ಒಬ್ಬಳೇ. ತಿರುಗಿ ಬಂದು ಇತ್ತು ಅಂದ ಹುಡುಗಿ ಅವಳ ಪಕ್ಕ ಕೂಡುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಪರೀಕ್ಷೆ ಮುಗಿದ ದಿನ ಉಳಿದವರೆಲ್ಲ ಗೇಟಿನ ಹತ್ತಿರ ಒಬ್ಬರ ಅಂಗಿಯ ಮೇಲೊಬ್ಬರು ಸಹಿ ಹಾಕುತ್ತಿದ್ದರು. ನನ್ನ ಮಗಳು ಅವರ ನಡುವಿನಿಂದ ಹಾದು ಬಂದಳು. ಯಾರೂ ಅವಳಿಗೆ ಅಡ್ಡ ಬರಲಿಲ್ಲ, ಯಾರೂ ದಾರಿಯನ್ನೂ ಬಿಡಲಿಲ್ಲ.

ನಾನು ಇನ್ನೂ ಅದೇ ಶಾಲೆಯಲ್ಲಿದ್ದೇನೆ. ಬಿಡು ಅಂತ ಗಂಡ ಹೇಳುತ್ತಾರೆ. ಬಿಟ್ಟರೆ ಅಲ್ಲಿ ಆಟದ ಹೆಸರು ಗೊತ್ತಿರುವವರು ಯಾರೂ ಉಳಿಯುವುದಿಲ್ಲ. ಈಗಿನ ಮುಖ್ಯೋಪಾಧ್ಯಾಯಿನಿ ಹೊಸಬರು. ಹಳೆಯದನ್ನು ಕೆದಕುವುದು ಬೇಡ ಅನ್ನುತ್ತಾರೆ. ಆಟದ ಹೆಸರು ಈಗ ಬದಲಾಗಿರಬಹುದು. ಊಟದ ಬಿಡುವಿನಲ್ಲಿ ನಾನು ವರಾಂಡದಲ್ಲಿ ತಿರುಗುತ್ತಿರುತ್ತೇನೆ. ನನ್ನನ್ನು ಕಂಡ ಕೂಡಲೇ ಹುಡುಗಿಯರು ಒಬ್ಬರನ್ನೊಬ್ಬರು ಜೋರಾಗಿ ಮಾತಾಡಿಸತೊಡಗುತ್ತಾರೆ.

ಈ ಜೂನ್‌ನಲ್ಲಿ ಪ್ರವೇಶದ ದಿನ ನಾನು ಆಫೀಸಿನ ಹೊರಗೆ ನಿಂತಿದ್ದೆ. ಯಾವುದೋ ಹಳ್ಳಿಯಿಂದ ಬಂದಿದ್ದ ತಾಯಿಯೊಬ್ಬಳು ಮಗಳನ್ನು ಮುಂದೆ ನಿಲ್ಲಿಸಿಕೊಂಡು, "ಭಾಳ ಮಾತಾಡ್ತಾಳ್ರಿ ಇಕಿ, ಟೀಚರ್ಗೋಳಿಗೆ ತ್ರಾಸ ಆಗೂದಿಲ್ಲಲ್ರಿ?" ಅಂತ ಕೇಳಿದಳು. ಮಾತಾಡಲಿ, ಎಷ್ಟು ಬೇಕಾದರೂ ಮಾತಾಡಲಿ, ಏನಾದರೂ ಇದ್ದರೆ ನನ್ನ ಹತ್ತಿರ ಬರಲಿ ಅಂದೆ. ಹುಡುಗಿ ನನ್ನನ್ನು ನೋಡಿ ನಕ್ಕಳು. ಆಮೇಲೆ ವರಾಂಡದ ಕಟ್ಟೆಯ ಮೇಲೆ ಕೂತಿದ್ದ ದೊಡ್ಡ ಹುಡುಗಿಯರ ಕಡೆ ಓಡಿಹೋಗಿ ಏನೋ ಕೇಳಿದಳು. ಅವರು ಅವಳನ್ನು ಪೂರ್ತಿ ಒಂದು ಸಲ ನೋಡಿದರು. ನೋಡಿ, ಎಲ್ಲರೂ ಒಟ್ಟಿಗೆ ಮೈದಾನದ ಕಡೆ ಮುಖ ತಿರುಗಿಸಿದರು. ನಾನು ಆ ಕಟ್ಟೆಯ ಕಡೆ ನಡೆಯತೊಡಗಿದೆ.